ಕೊಟ್ಟಿಗೆಗೆ ಹೆಣ್ಣು, ಮನೆಗೆ ಗಂಡು

ದೊಡ್ಡಬಳ್ಳಾಪುರದ ಕಡೆ ಹಸು ಈದ ಮನೆಗೆ ಹೋದವರು ಮೊದಲು ಕೇಳುವುದು "ಏನ್ ಹಾಕ್ತು?" ಎಂದು. "ಹೆಣ್ಗರು ಕಣಣ್ಣ" ಎಂಬ ಉತ್ತರ ಬಂದರೆ ಕೇಳಿದವರ ಮುಖವೂ ಅರಳುತ್ತದೆ. "ಗಂಡು" ಎಂದರೆ ಮಾತು ಗಿಣ್ಣಿನ ಕಡೆಗೆ ಹೊರಳುತ್ತದೆ. ಇದರಲ್ಲಿ ಕ್ರೌರ್ಯವೇನೂ ಇಲ್ಲ, ಲೆಕ್ಕವಿದೆ. ಡೇರಿಯ ಬಟವಾಡೆಯನ್ನೇ ನಂಬಿದ ಸಂಸಾರಕ್ಕೆ ಹೆಣ್ಗರು ಎಂದರೆ ಎರಡು ಮೂರು ವರ್ಷದಲ್ಲಿ ಕರೆಯುವ ಇನ್ನೊಂದು ಹಸು. ಉಳುಮೆಗೆ ಟ್ರ್ಯಾಕ್ಟರು, ಟಿಲ್ಲರು ಬಂದ ಮೇಲೆ ಸೀಮೆಹಸುವಿನ ಗಂಡುಗರುವಿಗೆ ಕೆಲಸ ಎಲ್ಲಿದೆ? ಅದು ಕುಡಿಯುವ ಹಾಲೂ ನಷ್ಟದ ಬಾಬ್ತೇ.

ಈ ಲೆಕ್ಕಕ್ಕೆ ಈಗ ವಿಜ್ಞಾನವೂ ಒತ್ತಾಸೆಯಾಗಿ ನಿಂತಿದೆ. ಹೋರಿಯ ವೀರ್ಯದಲ್ಲಿ ಹೆಣ್ಣಾಗುವ ಎಕ್ಸ್ ಕಣ, ಗಂಡಾಗುವ ವೈ ಕಣ ಹೆಚ್ಚುಕಡಿಮೆ ಸಮಸಮ ಇರುತ್ತವೆ. ಎಕ್ಸ್ ಕಣದಲ್ಲಿ ಡಿಎನ್‌ಎ ಶೇ 4ರ ಆಸುಪಾಸು ಹೆಚ್ಚು. ಬಣ್ಣ ಹಿಡಿಸಿ ಲೇಸರ್ ಬೆಳಕಿನ ಮುಂದೆ ಒಂದೊಂದನ್ನೇ ಹಾಯಿಸಿದರೆ ಅದು ತುಸು ಹೆಚ್ಚು ಹೊಳೆಯುತ್ತದೆ. ಆ ಹೊಳಪು ನೋಡಿ ಯಂತ್ರ ಎರಡನ್ನೂ ಬೇರೆ ಮಾಡುತ್ತದೆ. ಆರಿಸಿದ್ದನ್ನು ಕಾಲು ಮಿಲಿಲೀಟರ್ ಹಿಡಿಯುವ ಸ್ಟ್ರಾದಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸಿ ಇಡುತ್ತಾರೆ. ಹಸು ಬೆದೆಗೆ ಬಂದಿದೆ ಎಂದು ಫೋನ್ ಹೋದರೆ ಕೃತಕ ಗರ್ಭಧಾರಣೆ ಮಾಡುವವರು ಬೈಕಿಗೆ ಕ್ಯಾನು ಕಟ್ಟಿಕೊಂಡು ಬರುತ್ತಾರೆ. ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಸ್ಟ್ರಾ ಅದ್ದಿ, ಒರೆಸಿ, ಗನ್ನಿಗೆ ಏರಿಸಿ, ಐದು ನಿಮಿಷದಲ್ಲಿ ಕೆಲಸ ಮುಗಿಸಿ ಕೈ ತೊಳೆಯುತ್ತಾರೆ. ಗಬ್ಬ ನಿಂತರೆ ಹತ್ತರಲ್ಲಿ ಒಂಬತ್ತು ಪಾಲು ಹೆಣ್ಗರುವೇ. ಪಕ್ಕದ ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಕಾಪಿಡುವ ಕೇಂದ್ರ ಸರ್ಕಾರದ ಸಂಸ್ಥೆ ಅರ್ಧ ಶತಮಾನದಿಂದ ಇದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ಬರುವ ಸಿ.ಬಿ. ಎಂಬ ಮಿಶ್ರತಳಿ ರೇಷ್ಮೆಗೂಡು ಕೂಡ ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಬೈವೋಲ್ಟೈನ್ ಗಂಡನ್ನು ಕೂಡಿಸಿ ಪಡೆದದ್ದು. ತಳಿ ಆರಿಸುವ ವಿದ್ಯೆಯನ್ನು ನಮ್ಮ ರೈತರು ಯಾವ ಸಿನಿಮಾ ನೋಡಿಯೂ ಕಲಿಯಬೇಕಾಗಿಲ್ಲ.

ಅದೇ ಮನೆಯ ಸೊಸೆಗೆ ದಿನ ತುಂಬಿದಾಗ ಮಾತ್ರ ಲೆಕ್ಕ ತಿರುವುಮುರುವು. ಆಸ್ಪತ್ರೆಯ ವರಾಂಡದಲ್ಲೂ ಜನ ಕೇಳುವುದು "ಏನಾಯ್ತು?" ಎಂದೇ. "ಹೆಣ್ಣು" ಎಂದರೆ "ಪರವಾಗಿಲ್ಲ ಬಿಡು, ಲಕ್ಷ್ಮಿ ಬಂದಳು" ಎನ್ನುತ್ತಾರೆ. ಕೊಟ್ಟಿಗೆಗೆ ಬಂದವಳೂ ಲಕ್ಷ್ಮಿಯೇ. ಅವಳಿಗೆ ಯಾರೂ "ಪರವಾಗಿಲ್ಲ ಬಿಡು" ಸೇರಿಸುವುದಿಲ್ಲ.

1997ರಲ್ಲಿ ಬಂದ 'ಗಟಾಕಾ' ಎಂಬ ಇಂಗ್ಲಿಷ್ ಚಿತ್ರವನ್ನು ನೋಡುವಾಗ ನನಗೆ ಈ ಕೊಟ್ಟಿಗೆಯ ಸಂಗತಿ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಬರೆದು ನಿರ್ದೇಶಿಸಿದವರು ಆಂಡ್ರ್ಯೂ ನಿಕಲ್. ಕಥೆ ನಡೆಯುವುದು ಬಹಳ ದೂರವಲ್ಲದ ಮುಂದಿನ ಕಾಲದಲ್ಲಿ. ಉಳ್ಳವರು ಕ್ಲಿನಿಕ್ಕಿಗೆ ಹೋಗಿ, ತಮ್ಮದೇ ಭ್ರೂಣಗಳಲ್ಲಿ ಕಾಯಿಲೆ ಕಸಾಲೆಯ ಸುಳಿವಿಲ್ಲದ್ದನ್ನು ಆರಿಸಿ ಮಗು ಪಡೆಯುತ್ತಾರೆ. ಹಾಗೆ ಹುಟ್ಟಿದವರು 'ವ್ಯಾಲಿಡ್'. ಗಂಡ ಹೆಂಡಿರು ಕೂಡಿದ್ದರಿಂದಷ್ಟೇ ಹುಟ್ಟಿದವರು 'ಇನ್‌ವ್ಯಾಲಿಡ್'. ಕಥಾನಾಯಕ ವಿನ್ಸೆಂಟ್ ಎರಡನೆಯ ಗುಂಪಿನವನು. ಅವನು ಹುಟ್ಟಿದ ಗಳಿಗೆಯಲ್ಲೇ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆಯುತ್ತಾರೆ. ಯಂತ್ರ ಅವನ ಜಾತಕ ಒದರುತ್ತದೆ: ಹೃದ್ರೋಗದ ಸಾಧ್ಯತೆ ಶೇ 99, ಆಯುಷ್ಯ 30.2 ವರ್ಷ.

ಮುಂದೆ ಅವನು ಬಾಹ್ಯಾಕಾಶ ಸಂಸ್ಥೆಯಲ್ಲಿ ಕಸ ಗುಡಿಸುವುದು, ಜೆರೋಮ್ ಎಂಬ 'ಪರಿಪೂರ್ಣ' ದೇಹದವನ ರಕ್ತ, ಮೂತ್ರ, ಕೂದಲನ್ನು ಕಡ ಪಡೆದು ಅದೇ ಸಂಸ್ಥೆಯಲ್ಲಿ ನೌಕರಿ ಗಿಟ್ಟಿಸುವುದು, ಶನಿಗ್ರಹದ ಟೈಟನ್ ಉಪಗ್ರಹಕ್ಕೆ ಹೊರಡುವ ನೌಕೆ ಹತ್ತುವುದು, ಇವೆಲ್ಲ ಕುತೂಹಲ ಹಿಡಿದಿಡುವಂತೆ ನಡೆಯುತ್ತವೆ. ಆದರೆ ಕರುಳಿಗೆ ಕೈ ಹಾಕುವುದು ನೌಕೆಯಲ್ಲ, ಹೆರಿಗೆಕೋಣೆ. ಹುಟ್ಟಿದವನಿಗೆ ಅಪ್ಪನ ಹೆಸರೇ ಇಡುವುದೆಂದು ತಾಯಿ ಹೇಳಹೊರಟಿರುತ್ತಾಳೆ. ರಕ್ತದ ವರದಿ ಕೇಳಿದ ಅಪ್ಪ ತಡೆದು ಬೇರೆ ಹೆಸರು ಹೇಳುತ್ತಾನೆ. ಅವನ ಹೆಸರು ಕ್ಲಿನಿಕ್ಕಿನಲ್ಲಿ ಆರಿಸಿ ಪಡೆದ ಎರಡನೆಯ ಮಗನಿಗೆ ಹೋಗುತ್ತದೆ. ಯಾರೂ ಕೂಗಾಡುವುದಿಲ್ಲ, ಅಳುವುದಿಲ್ಲ. ಮಗು ಕಣ್ಣು ಬಿಡುವ ಮೊದಲೇ ಮನೆಯೊಳಗೆ ಅದರ ದರ್ಜೆ ಗೊತ್ತಾಗಿಹೋಗಿದೆ.

ನಮ್ಮ ಕಡೆ ಇದು ಅರ್ಥವಾಗದವರು ಯಾರಿದ್ದಾರೆ? ತಾತನ ಹೆಸರು ಮೊಮ್ಮಗನಿಗೆ ಕಟ್ಟಿಟ್ಟ ಸ್ವತ್ತು. ಇತ್ತ ಹಳ್ಳಿಗಳ ಹಳೆಯ ಮತದಾರರ ಪಟ್ಟಿ ತೆರೆದರೆ ಸಾಕಮ್ಮಂದಿರು ಸಿಗುತ್ತಾರೆ. ಎಲ್ಲ ಸಾಕಮ್ಮಂದಿರ ಕಥೆಯೂ ಒಂದೇ ಅಲ್ಲ, ಸರಿ. ಆದರೂ "ಮೂರು ಹೆಣ್ಣಾದ ಮೇಲೆ ನಾನು ಹುಟ್ಟಿದೆ, ಸಾಕಪ್ಪ ಅಂತ ಇಟ್ಟರು" ಎಂದು ಬೊಚ್ಚುಬಾಯಲ್ಲಿ ನಗುತ್ತಾ ಹೇಳುವ ಅಜ್ಜಿಯರು ಇದ್ದಾರೆ. ಆ ಹೆಸರಿನಲ್ಲೇ ಎಂಬತ್ತು ವರ್ಷ ಹೊಲ ಮನೆ ದುಡಿದವರು ಅವರು.

ಚಿತ್ರದ ಕ್ಲಿನಿಕ್ಕಿನ ದೃಶ್ಯವನ್ನೂ ಒಮ್ಮೆ ನಿಧಾನವಾಗಿ ನೋಡಬೇಕು. ವೈದ್ಯ ತಂದೆ ತಾಯಿಗೆ ಅವರೇ ಕೇಳಿಕೊಂಡಿದ್ದ ಪಟ್ಟಿ ಓದುತ್ತಾನೆ: ಕಣ್ಣಿನ ಬಣ್ಣ ಹೀಗೆ, ಕೂದಲು ಹೀಗೆ, ಚರ್ಮ ಬೆಳ್ಳಗೆ. ಓದುವ ವೈದ್ಯನ ಪಾತ್ರದಲ್ಲಿ ಕಪ್ಪುವರ್ಣೀಯ ನಟ ಬ್ಲೇರ್ ಅಂಡರ್‌ವುಡ್ ಇದ್ದಾರೆ. ಆ ಪಾತ್ರ ಮುಖ ಸಿಂಡರಿಸುವುದಿಲ್ಲ. ನಿರ್ದೇಶಕ ಒತ್ತಿ ಹೇಳುವುದೂ ಇಲ್ಲ. ಕಾಯಿಲೆ ಬೇಡ ಎಂದು ಶುರುವಾದ ಮಾತು ಕಪ್ಪು ಬೇಡ ಎಂಬಲ್ಲಿಗೆ ಎಷ್ಟು ಸಲೀಸಾಗಿ ಜಾರಿತು ನೋಡಿ. ನಮ್ಮಲ್ಲಿ ಬಸುರಿಗೆ ಕೇಸರಿ ಹಾಲು ಕುಡಿಸುವ ಅತ್ತೆಯ ಬಳಿ ಕ್ಲಿನಿಕ್ ಇಲ್ಲ, ಆಸೆ ಮಾತ್ರ ಅದೇ. ಕೇಸರಿಯಿಂದ ಮೈಬಣ್ಣ ಬದಲಾಗುವುದಿಲ್ಲ, ಆದ್ದರಿಂದ ಅನಾಹುತವೂ ಆಗುವುದಿಲ್ಲ. ಆಸೆಗೆ ತಕ್ಕ ಯಂತ್ರ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಚಿತ್ರದವರೆಗೂ ಹೋಗಬೇಕಿಲ್ಲ.

2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಎಳೆಯೊಂದು ಮಂಡ್ಯ ತಾಲ್ಲೂಕಿನ ಆಲೆಮನೆಯೊಂದಕ್ಕೆ ಹೋಗಿ ನಿಂತಿತು. ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ ಬೆಲ್ಲ ತೆಗೆಯುವ ಜಾಗ. ಅಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಬಸುರಿಯರ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಹೇಳುತ್ತಿದ್ದರು. ಹೆಣ್ಣೆಂದರೆ ಮುಂದಿನ ಏರ್ಪಾಡು ಮೈಸೂರಿನಲ್ಲಿ. ಇಂಥ ಗರ್ಭಪಾತಗಳು ಸುಮಾರು 900 ನಡೆದಿರಬಹುದೆಂದು ಪೊಲೀಸರು ಆಗ ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಮಂಡ್ಯದವರು ಹೀಗೆ ಎಂದು ನಾವು ಇತ್ತ ಮೂಗು ಮುರಿಯುತ್ತಿರುವಾಗಲೇ, ಅದೇ ಡಿಸೆಂಬರ್‌ನಲ್ಲಿ ನಮ್ಮ ಹೊಸಕೋಟೆ ತಾಲ್ಲೂಕಿನ ಖಾಸಗಿ ಆಸ್ಪತ್ರೆಯೊಂದರ ಹೆಸರೂ ಭ್ರೂಣಹತ್ಯೆಯ ಪ್ರಕರಣದಲ್ಲಿ ಕೇಳಿಬಂತು.

ಯಂತ್ರದಲ್ಲಿ ತಪ್ಪಿಲ್ಲ. ಮಗುವಿನ ಹೃದಯ ಬಡಿಯುತ್ತಿದೆಯೇ, ಬೆನ್ನುಹುರಿ ಕೂಡಿಕೊಂಡಿದೆಯೇ, ಕಸ ಎಲ್ಲಿ ಕೂತಿದೆ ಎಂದು ತೋರಿಸಿ ಎಷ್ಟೋ ತಾಯಂದಿರ ಜೀವ ಉಳಿಸಿದ ಯಂತ್ರವೇ ಅದು. ಆಲೆಮನೆಗೆ ಅದನ್ನು ಹೊತ್ತು ತಂದದ್ದು ಹಣ. ಹಣ ಕೊಟ್ಟದ್ದು ಮನೆಯವರು. ಮನೆಯವರ ಬೇಡಿಕೆ ಯಂತ್ರಕ್ಕಿಂತ ನೂರಾರು ವರ್ಷ ಹಳೆಯದು.

ಲಿಂಗಪತ್ತೆ ನಿಷೇಧಿಸುವ ಕಾಯ್ದೆ ನಮ್ಮಲ್ಲಿ ಬಂದದ್ದು 1994ರಲ್ಲಿ, ಜಾರಿಯಾದದ್ದು 1996ರ ಜನವರಿಯಿಂದ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ, ಗರ್ಭ ಕಟ್ಟುವ ಮೊದಲಿನ ಆಯ್ಕೆಯನ್ನೂ ಸೇರಿಸಿದರು. ಹಸುವಿಗೆ ಮಾಡುವಂತೆ ಮನುಷ್ಯರಲ್ಲಿ ಕಣ ಆರಿಸುವುದು ಅದರಡಿ ಅಪರಾಧ. 2021ರ ಇನ್ನೊಂದು ಕಾಯ್ದೆ ಪ್ರನಾಳ ಶಿಶು ಕೇಂದ್ರಗಳ ಮೇಲೂ ಕಣ್ಣಿಟ್ಟಿದೆ. ವಂಶದಲ್ಲಿ ಬಂದ ಕಾಯಿಲೆ ಪತ್ತೆಗೆ ಮಾತ್ರ ಭ್ರೂಣ ಪರೀಕ್ಷಿಸಬಹುದು. ಗಂಡು ಬೇಕೆಂದು ಆರಿಸಿಕೊಟ್ಟರೆ 5ರಿಂದ 10 ವರ್ಷ ಜೈಲು. ಕಾಗದದ ಮೇಲೆ ಎಲ್ಲವೂ ಇದೆ. ಆದರೂ ದೇಶದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 2001ರಲ್ಲಿ 927 ಇದ್ದ ಹೆಣ್ಣುಮಕ್ಕಳು 2011ರ ಜನಗಣತಿಯಲ್ಲಿ 919 ಆದರು. ಗಟಾಕಾದ ಲೋಕದಲ್ಲೂ ವಂಶವಾಹಿ ನೋಡಿ ತಾರತಮ್ಯ ಮಾಡುವುದು ಕಾನೂನುಬಾಹಿರವೇ. ಆದರೆ ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಇಂಟರ್‌ವ್ಯೂ ಎಂದರೆ ಒಂದು ಬಟ್ಟಲು ಮೂತ್ರ, ಅಷ್ಟೇ. ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ನಿರ್ದೇಶಕ ನಮ್ಮ ದೇಶದ ಕಾಯ್ದೆಗಳ ಪಾಡು ನೋಡಿಯೇ ಇದನ್ನು ಬರೆದನೇನೋ ಎಂದು ಅನುಮಾನ ಬರುತ್ತದೆ.

ಹುಟ್ಟಿನಿಂದಲೇ ಆಳಿನ ಬೆಲೆ ಕಟ್ಟುವ ಕಥೆಗೆ ಪ್ರಯೋಗಾಲಯವೂ ಬೇಕಿಲ್ಲ. 1974ರಲ್ಲಿ ಸಿದ್ಧಲಿಂಗಯ್ಯನವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆಯಿಂದ ತೆಗೆದ 'ಭೂತಯ್ಯನ ಮಗ ಅಯ್ಯು' ನೆನೆಯಿರಿ. ಊರು ಹಿಂಡಿದವನು ಎಂ.ಪಿ. ಶಂಕರ್ ಮಾಡಿದ ಭೂತಯ್ಯ. ಅವನು ಸತ್ತ ಮೇಲೂ ಊರಿನ ಕಣ್ಣಿಗೆ ಲೋಕೇಶ್ ಮಾಡಿದ ಅಯ್ಯು ಕಾಣುವುದೇ ಇಲ್ಲ, ಭೂತಯ್ಯನ ಮಗ ಮಾತ್ರ ಕಾಣುತ್ತಾನೆ. ಬದಲಾಗಬೇಕೆಂದು ಅವನೆಷ್ಟೇ ಹೆಣಗಿದರೂ ರಕ್ತ ನೋಡಿ ಬರೆದ ತೀರ್ಪು ಸುಲಭಕ್ಕೆ ಅಳಿಸುವುದಿಲ್ಲ. ಕನ್ನಡದಲ್ಲಿ ವಂಶವಾಹಿಯ ತಾರತಮ್ಯದ ಮೇಲೆ ಚಿತ್ರ ಬಂದಿಲ್ಲ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಡಿಎನ್‌ಎ ಎಂಬ ಮಾತಷ್ಟೇ ಅದರಲ್ಲಿಲ್ಲ.

ಅಯ್ಯುವಿನದು ಅಪ್ಪನ ಕೆಟ್ಟ ಹೆಸರು, ಕಾಲ ಕಳೆದರೆ ಮಾಸಬಹುದು. ಜಾತಿಯದು ಮಾಸದ ಹಚ್ಚೆ. ದೇವನಹಳ್ಳಿ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದಾಗಿನಿಂದ ಸುತ್ತಲ ಹಳ್ಳಿಗಳ ತಲೆಯ ಮೇಲೆ ಹಗಲೂ ರಾತ್ರಿ ವಿಮಾನ ಹಾರುತ್ತದೆ. ಆ ಹಳ್ಳಿಗಳಿಂದ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವವರು ಇದ್ದಾರೆ. ವಿನ್ಸೆಂಟ್ ಕೂಡ ಗಾಜು ಒರೆಸುತ್ತಾ ತಲೆಯೆತ್ತಿ ನೌಕೆ ನೋಡುವವನೇ. ಒಳಗಿನ ಕುರ್ಚಿ ಯಾರಿಗೆ, ಹೊರಗಿನ ಬಕೆಟ್ಟು ಯಾರಿಗೆ ಎಂಬುದು ಅಲ್ಲಿ ರಕ್ತಪರೀಕ್ಷೆಯಿಂದ ತೀರ್ಮಾನವಾಗುತ್ತದೆ. ಇಲ್ಲಿ ಯಾವ ಕೇರಿಯ, ಯಾವ ಶಾಲೆಯ, ಯಾವ ಮನೆಯ ಹುಡುಗ ಎಂಬುದರಿಂದ. ಶೌಚಾಲಯ ತೊಳೆಯುವ ಕೆಲಸಕ್ಕೆ ಬರುವವರು ಬಹುಪಾಲು ಯಾವ ಜಾತಿಯವರು ಎಂದು ಯಾವ ಕಂಪನಿಯೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿಯೂ ಇಲ್ಲ.

ತಾರತಮ್ಯವೇ ಕಾಯಿಲೆಯನ್ನು ಬೇಲಿಯೊಳಗೆ ಕೂಡಿಹಾಕಿದ ಉದಾಹರಣೆಯೂ ಕರ್ನಾಟಕದಲ್ಲಿದೆ. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ನಡೆಯಲಾಗದವರು ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ಬಹುಪಾಲು ಜನ ಚಲವಾದಿ, ಚನ್ನಂಗಿ ಸಮುದಾಯಗಳ ಕೂಲಿಕಾರರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿತು ಎಂಬ ಗುಮಾನಿ ಮೊದಲು ಬಲವಾಗಿತ್ತು. ಮುಂದೆ ಮನೆತನಗಳ ವಂಶಾವಳಿ ಬಿಡಿಸಿ ನೋಡಿದ ತಜ್ಞರು ಇದು ಹೆತ್ತವರಿಂದ ಮಕ್ಕಳಿಗೆ ಇಳಿಯುವ ಮೂಳೆ ಕೀಲಿನ ದೋಷ ಎಂದರು. ಚಿಕ್ಕ ಸಮುದಾಯ, ಕೊಡುವುದು ತರುವುದು ಒಳಗೊಳಗೇ. ದೋಷದ ವಂಶವಾಹಿ ಹೊರಗೆ ಹೋಗಲು ದಾರಿಯೇ ಇಲ್ಲ. ಆ ಬೇಲಿ ಹಾಕಿದ್ದು ಅವರಲ್ಲ. ಊರು ಅವರನ್ನು ಊರ ಹೊರಗೆ ಇಟ್ಟಿತು, ಆಮೇಲೆ ಅವರಲ್ಲೇ ಏಕೆ ಈ ಕಾಯಿಲೆ ಎಂದು ಬೆರಗಾಯಿತು. ಕಾಯಿಲೆಯ ಹೆಸರಿನಲ್ಲಿ ಊರಿನ ಹೆಸರು ಇವತ್ತಿಗೂ ಸೇರಿಕೊಂಡಿದೆ, ಹಂದಿಗೋಡು ಕಾಯಿಲೆ ಎಂದೇ.

ಹಾಗಾದರೆ ರಕ್ತ ನೋಡುವುದೇ ಬೇಡ, ಜಾತಿ ಕೇಳುವುದೇ ಬೇಡ ಎನ್ನೋಣವೇ? ಅಷ್ಟು ಸುಲಭವಿಲ್ಲ. ಆರ್ಯವೈಶ್ಯರಲ್ಲಿ ಕೆಲವರಿಗೆ ಅರಿವಳಿಕೆಯ ಜೊತೆ ಕೊಡುವ, ಸ್ನಾಯು ಸಡಿಲಿಸುವ ಒಂದು ಔಷಧ ಮೈಗೆ ಆಗುವುದಿಲ್ಲ. ಅದನ್ನು ಕರಗಿಸುವ ಕಿಣ್ವ ಅವರಲ್ಲಿ ಕೆಲಸ ಮಾಡದು. ಶಸ್ತ್ರಚಿಕಿತ್ಸೆ ಮುಗಿದರೂ ಉಸಿರಾಟದ ಸ್ನಾಯು ಗಂಟೆಗಟ್ಟಲೆ ಮರಗಟ್ಟಿಯೇ ಇರುತ್ತದೆ. ಈ ದೋಷ ಬೇರೆಯವರಿಗಿಂತ ಅವರಲ್ಲಿ ಬಹುಪಟ್ಟು ಹೆಚ್ಚು, ಕಾರಣ ಮತ್ತೆ ಒಳಗೊಳಗಿನ ಸಂಬಂಧ. ಅರಿವಳಿಕೆ ತಜ್ಞರು "ನೀವು ವೈಶ್ಯರಾ?" ಎಂದು ಕೇಳುವುದು ಇದಕ್ಕೇ. ಬಾಡಿಗೆ ಮನೆಯ ಮಾಲೀಕ ಗೇಟಿನಲ್ಲಿ ಕೇಳುವ ಪ್ರಶ್ನೆಯನ್ನೇ ಇವರು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೇಳುತ್ತಾರೆ. ಒಬ್ಬ ಹೊರಗಿಡಲು ಕೇಳಿದ, ಇನ್ನೊಬ್ಬ ಉಳಿಸಿಕೊಳ್ಳಲು ಕೇಳಿದ.

ಹಿಮ್ಮಡಿಯ ರಕ್ತದ ತೊಟ್ಟಿಗೂ ಈ ಮಾತು ಸಲ್ಲುತ್ತದೆ. ನವಜಾತ ಶಿಶುಗಳ ಹಿಮ್ಮಡಿ ಚುಚ್ಚಿ ಪರೀಕ್ಷಿಸುವ ಯೋಜನೆ ಭಾರತದಲ್ಲಿ ಮೊದಲು ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1980ರಿಂದ. ಡಾ. ರಾಧಾ ರಮಾದೇವಿ ಮತ್ತು ಸಂಗಡಿಗರು ಸುಮಾರು 1,25,000 ಕೂಸುಗಳ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸಿದರು. ಸೋದರಮಾವನಿಗೆ, ಅತ್ತೆಮಗನಿಗೆ ಹೆಣ್ಣು ಕೊಡುವುದು ವಾಡಿಕೆಯಾದ ಸೀಮೆಯಲ್ಲಿ ಹುಟ್ಟಿನಿಂದ ಬರುವ ಜೀವರಾಸಾಯನಿಕ ದೋಷ ಎಷ್ಟಿದೆ ನೋಡಬೇಕಿತ್ತು. ಗಟಾಕಾದಲ್ಲಿ ಚುಚ್ಚಿದ ಸೂಜಿಯೇ ಇಲ್ಲಿಯೂ ಚುಚ್ಚಿದ್ದು. ಆದರೆ ಇಲ್ಲಿ ಕೂಸು ಎಷ್ಟು ದಿನ ಬದುಕೀತು, ಯಾವ ನೌಕರಿಗೆ ಯೋಗ್ಯ ಎಂದು ಯಾರೂ ಕೇಳಲಿಲ್ಲ. ಯಾವ ಆಹಾರ ಕೊಡಬಾರದು, ಯಾವ ಔಷಧಿ ಇವತ್ತೇ ಶುರುಮಾಡಬೇಕು ಎಂದು ಕೇಳಿದರು. ಥೈರಾಯ್ಡ್ ಕೊರತೆಯಿದ್ದು ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಸಿಕ್ಕರೆ ಬುದ್ಧಿ ಬೆಳೆಯುತ್ತದೆ, ತಡವಾದರೆ ಇಲ್ಲ. ಇಂಥ ಪರೀಕ್ಷೆ ನೆಲಮಂಗಲದ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಆಗಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ.

ತೊಡಕಿರುವುದು ಚಿಕಿತ್ಸೆಗಾಗಿ ಮಾಡುವ ಪರೀಕ್ಷೆಗೂ ದರ್ಜೆ ಕಟ್ಟಲು ಮಾಡುವ ಪರೀಕ್ಷೆಗೂ ನಡುವಿನ ದಾರಿಯಲ್ಲಿ. ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆ ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗರು, ಜೇನುಕುರುಬರಲ್ಲಿ ಕಾಣಿಸುತ್ತದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಪರೀಕ್ಷಿಸಿಕೊಂಡವರಿಗೆ ಒಂದೊಂದು ಕಾರ್ಡು ಕೊಡುತ್ತಾರೆ. ಮದುವೆಗೆ ಮೊದಲು ಗಂಡಿನ ಕಾರ್ಡು, ಹೆಣ್ಣಿನ ಕಾರ್ಡು ಒಂದರ ಮೇಲೊಂದು ಇಟ್ಟು, ಮಕ್ಕಳಿಗೆ ಕಾಯಿಲೆ ಬರುವ ಸಂಭವ ಎಷ್ಟು ಎಂದು ನೋಡಬಹುದು. ಪಂಚಾಂಗ ಹಿಡಿದು ಕೂಟ ನೋಡುವ ಶಾಸ್ತ್ರಿಗಳ ಜಾತಕಕ್ಕೂ ಇದಕ್ಕೂ ಹೊರನೋಟಕ್ಕೆ ಬಹಳ ಫರಕಿಲ್ಲ, ಈ ಜಾತಕ ಮಾತ್ರ ನಿಜ ಹೇಳುತ್ತದೆ. ಹೇಳಿದ್ದು ನಿಜವಾದ್ದರಿಂದಲೇ ಇದಕ್ಕೆ ಅಂಜಬೇಕು. ಇಬ್ಬರೂ ವಾಹಕರಾದರೆ ತೊಂದರೆ, ಅದೂ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲಿ ಒಂದು ಪಾಲು. ಒಬ್ಬರೇ ವಾಹಕರಾಗಿ ಇನ್ನೊಬ್ಬರಲ್ಲಿ ಆ ದೋಷವಿಲ್ಲದಿದ್ದರೆ ಮಕ್ಕಳಿಗೆ ಕಾಯಿಲೆಯ ಭಯವಿಲ್ಲ. ಇಷ್ಟನ್ನು ಬಿಡಿಸಿ ಹೇಳುವ ಸಲಹೆಗಾರ ಪಕ್ಕದಲ್ಲಿ ಕೂರದಿದ್ದರೆ, ಹುಡುಗಿಯ ಕಾರ್ಡು ನೋಡಿದ ಹಾಡಿಯವರು "ರಕ್ತದಲ್ಲಿ ದೋಷ ಐತೆ" ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತಾರೆ. ಮೂಲಾ ನಕ್ಷತ್ರದವಳನ್ನು ಮಾವನಿಗೆ ಆಗದವಳು ಎಂದು ಮೂಲೆಗೆ ಕೂರಿಸಿದ ನಾಡು ಇದು.

ಸಾಧ್ಯತೆಯನ್ನೇ ತೀರ್ಪು ಮಾಡುವ ಚಾಳಿ ಹಳ್ಳಿಯವರಿಗಷ್ಟೇ ಅಂಟಿದ್ದಲ್ಲ. ದೆಹಲಿಯಲ್ಲಿ ಜೈ ಪ್ರಕಾಶ್ ತಾಯಲ್ ಎಂಬವರು ಆರೋಗ್ಯ ವಿಮೆ ಮಾಡಿಸಿದ್ದರು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಗೆ ಆಸ್ಪತ್ರೆ ಸೇರಿದಾಗ, ಇದು ವಂಶವಾಹಿ ದೋಷ, ಪಾಲಿಸಿಯಲ್ಲಿ ಇದಕ್ಕೆ ಹಣವಿಲ್ಲ ಎಂದು ಸರ್ಕಾರಿ ಸ್ವಾಮ್ಯದ ಯುನೈಟೆಡ್ ಇಂಡಿಯಾ ವಿಮಾ ಕಂಪನಿ ಕೈ ಎತ್ತಿತು. ವಿನ್ಸೆಂಟನಿಗೂ ಹೃದಯದ್ದೇ ದೋಷ ಹೇಳಿದ್ದರು ನೋಡಿ. 2018ರ ಫೆಬ್ರುವರಿ 26ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ವಂಶವಾಹಿ ದೋಷವೆಂದು ಸಾರಾಸಗಟು ಹೊರಗಿಡುವ ಇಂಥ ಷರತ್ತು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದು ತೀರ್ಪಿತ್ತರು. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರವೂ ಈ ಕಾರಣಕ್ಕೆ ಕ್ಲೇಮು ತಳ್ಳಿಹಾಕಬೇಡಿ ಎಂದು ಕಂಪನಿಗಳಿಗೆ ಸುತ್ತೋಲೆ ಕಳಿಸಿತು.

ಆ ಷರತ್ತು ಎಷ್ಟು ಜನರ ಕೊರಳಿಗೆ ಬರುತ್ತಿತ್ತು ಗೊತ್ತೇ? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹೃದಯದ ಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರ ಬಿಟ್ಟುಹೋದ ದೋಷ ಭಾರತ ಉಪಖಂಡದವರಲ್ಲಿ ಸುಮಾರು ಶೇ 4 ಜನರಲ್ಲಿದೆ. ನೂರು ಜನ ಕೂತ ಮದುವೆಯ ಪಂಕ್ತಿಯಲ್ಲಿ ನಾಲ್ವರು. ಅವರಲ್ಲಿ ಎಷ್ಟೋ ಮಂದಿ ಗಟ್ಟಿಮುಟ್ಟಾಗಿಯೇ ಬಾಳುತ್ತಾರೆ, ಕೆಲವರಿಗೆ ವಯಸ್ಸಾದಂತೆ ಹೃದಯ ಸೋಲುತ್ತದೆ. ಯಾರು ಯಾರು ಎಂದು ಪರೀಕ್ಷೆ ಹೇಳದು. ಎಚ್ಚರವಾಗಿರಿ ಎಂದಷ್ಟೇ ಹೇಳುತ್ತದೆ. ಆ ಎಚ್ಚರಿಕೆ ವೈದ್ಯರ ಕೈಗೆ ಬಂದರೆ ಔಷಧ, ಗುಮಾಸ್ತರ ಕೈಗೆ ಬಂದರೆ ತಿರಸ್ಕೃತ ಅರ್ಜಿ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ಪೂರ್ತಿ ಜೀನೋಮ್ ಓದಿ ಮುಗಿಸಿದ್ದಾರೆ. ಇದರಿಂದ ನಮ್ಮ ಜನಕ್ಕೆ ಹೊಂದುವ ಚಿಕಿತ್ಸೆ ಸಿಗುವುದಾದರೆ ಅದಕ್ಕಿಂತ ಇನ್ನೇನು ಬೇಕು? ಆದರೆ ವಂಶವಾಹಿ ನೋಡಿ ನೌಕರಿ, ಆರೋಗ್ಯ ವಿಮೆ ನಿರಾಕರಿಸುವುದನ್ನು ತಡೆಯುವ ಪ್ರತ್ಯೇಕ ಕಾಯ್ದೆ ಅಮೆರಿಕದಲ್ಲಿ 2008ರಲ್ಲೇ ಬಂದಿದೆ, ನಮ್ಮ ಸಂಸತ್ತು ಇನ್ನೂ ಮಾಡಬೇಕಿದೆ. ಭ್ರೂಣದ ವಂಶವಾಹಿಯನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದೆನೆಂದು ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ 2018ರ ನವೆಂಬರ್‌ನಲ್ಲಿ ಸಾರಿ, ಮರುವರ್ಷ ಮೂರು ವರ್ಷದ ಸಜೆಗೆ ಗುರಿಯಾದ. ಚಿತ್ರದ ಕ್ಲಿನಿಕ್ಕು ಇನ್ನು ಕಟ್ಟುಕಥೆಯಲ್ಲ.

ಗಟಾಕಾದಲ್ಲಿ ಪರಿಪೂರ್ಣನಾಗಿ ಹುಟ್ಟಿದ ಜೆರೋಮ್‌ನ ಪಾಡಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಈಜಿನಲ್ಲಿ ಬೆಳ್ಳಿ ಪದಕ ಗೆದ್ದವನು ಅವನು. ಗೆಲ್ಲಲೆಂದೇ ತಯಾರಾದವನಿಗೆ ಎರಡನೆಯ ಸ್ಥಾನ ಬಂದರೆ ಮುಖ ಎಲ್ಲಿಡುವುದು? ಬೇಕೆಂದೇ ಕಾರಿಗೆ ಅಡ್ಡ ಹೋಗಿ ಕಾಲಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದಾನೆ. ಬೇಡವಾಗಿ ಹುಟ್ಟಿದವನನ್ನು ಆ ಲೋಕ ಹೊರಗೆ ನಿಲ್ಲಿಸಿತು, ಬೇಕಾಗಿ ಹುಟ್ಟಿದವನನ್ನು ಒಳಗೇ ಮುರಿಯಿತು. ನಾಲ್ಕು ಹೆಣ್ಣಾದ ಮೇಲೆ ಹರಕೆ ಹೊತ್ತು ಪಡೆದ ಒಬ್ಬನೇ ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಾಗ ಮನೆಯಲ್ಲಿ ನಡೆಯುವುದನ್ನು ಕಂಡವರಿಗೆ ಜೆರೋಮ್ ಹೊಸಬನಲ್ಲ.

ಚಿತ್ರದ ಕಡೆಗೆ ಸಂಸ್ಥೆಯ ವೈದ್ಯ ಲಾಮಾರ್ ಒಂದು ಕೆಲಸ ಮಾಡುತ್ತಾನೆ. ವಿನ್ಸೆಂಟ್ ನೌಕೆ ಹತ್ತುವ ಮುನ್ನ ಕಡೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ವೈದ್ಯನಿಗೆ ಇವನ ಗುಟ್ಟು ಮೊದಲಿಂದಲೂ ಗೊತ್ತು. ಅವನ ಸ್ವಂತ ಮಗನೂ ಕ್ಲಿನಿಕ್ಕಿನವರು ಹೇಳಿದಂತೆ ಬಂದವನಲ್ಲ. ಗುಂಡಿಯೊಂದನ್ನು ಒತ್ತಿ ಫಲಿತಾಂಶ ಬದಲಿಸಿ, ಹೊರಡು, ತಡವಾಗುತ್ತದೆ ಎಂದು ಕಳಿಸುತ್ತಾನೆ. ಅಲ್ಲಿ ನಿಯಮ ಮುರಿದ ವೈದ್ಯ ಮನುಷ್ಯನಾದ. ನಮ್ಮಲ್ಲಿ ನಿಯಮ ಪಾಲಿಸಿದವರೇ ಮನುಷ್ಯರು. ದೊಡ್ಡಬಳ್ಳಾಪುರದ, ಹೊಸಕೋಟೆಯ ಸ್ಕ್ಯಾನಿಂಗ್ ಕೋಣೆಗಳಲ್ಲಿ ದಿನವೂ ಪರದೆ ನೋಡಿ, ಗೊತ್ತಾದರೂ ಗೊತ್ತಾಗದವರಂತೆ "ಮಗು ಚೆನ್ನಾಗಿದೆಯಮ್ಮ" ಎಂದಷ್ಟೇ ಹೇಳಿ ಕಳಿಸುವ ವೈದ್ಯರು ಎಷ್ಟೋ ಜನ. ನೆಂಟರಿಷ್ಟರ ಒತ್ತಾಯ, ರಾಜಕಾರಣಿಯ ಫೋನು, ಮೇಜಿನ ಕೆಳಗಿನ ನೋಟು, ಎಲ್ಲಕ್ಕೂ ಬೆನ್ನು ತಿರುಗಿಸಿ ಬಾಯಿ ಮುಚ್ಚಿಕೊಂಡಿರುವ ಅವರನ್ನು ಯಾರೂ ಸನ್ಮಾನ ಮಾಡುವುದಿಲ್ಲ, ಅವರ ಫೋಟೊ ಪತ್ರಿಕೆಯಲ್ಲಿ ಬರುವುದಿಲ್ಲ.

ಪರದೆಯ ಈಚೆ ಕೂತಿರುವವರಿಗೂ ಒಂದು ಮಾತು ಹೇಳಬೇಕು. ನೀವು ಅತ್ತೆಯಾಗಿದ್ದರೆ, ಮಾವನಾಗಿದ್ದರೆ, ಗಂಡನಾಗಿದ್ದರೆ, ಬಸುರಿಯ ಮುಂದೆ "ಈ ಸಲವಾದರೂ" ಎಂಬ ಮಾತು ಆಡಬೇಡಿ. ನೀವು ತಮಾಷೆಗೆ ಅಂದಿರಬಹುದು, ದೇವರ ಮುಂದೆ ಕೈ ಮುಗಿಯುತ್ತಾ ಅಂದಿರಬಹುದು. ಆಲೆಮನೆಗೆ ಕಾರು ಹತ್ತಿಸಿದ್ದು ಬಹಳ ಸಲ ಇಂಥದೇ ಮಾತು. ಲಿಂಗಪತ್ತೆ ನಿಷೇಧದ ಕಾಯ್ದೆ ಬರೆದವರಿಗೂ ಇದು ಗೊತ್ತಿತ್ತು. ಲಿಂಗಪತ್ತೆ ಮಾಡಿಸಿದ ಪ್ರಕರಣ ಕೋರ್ಟಿಗೆ ಬಂದರೆ, ಹಾಗಲ್ಲವೆಂದು ಸಾಬೀತಾಗುವವರೆಗೂ, ಬಸುರಿಯನ್ನು ಬಲವಂತ ಮಾಡಿದ್ದು ಗಂಡ ಅಥವಾ ಮನೆಯವರೇ ಎಂದು ನ್ಯಾಯಾಲಯ ಭಾವಿಸತಕ್ಕದ್ದು ಎಂದು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ.